ನಂಟು, ನಂಬಿಕೆ, ಪರಿಚಯ: ಇದು ಯಾವ ಬಗೆಯ ಬಂಡವಾಳ?

2025ರ ಜೂನ್ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಒಂದು ವರದಿ ಹೊರತಂದಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ಅದರ ಕಾರಣಕ್ಕೆ ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಜನ ಸಾಯುತ್ತಿದ್ದಾರೆ ಎಂದು ಅದು ಅಂದಾಜು ಮಾಡಿತು. ಗಂಟೆಗೆ ನೂರು ಸಾವು. ಅದಕ್ಕೆ ತಿಂಗಳ ಮೊದಲಷ್ಟೇ ಆ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ ಜನರ ನಡುವಿನ ಒಡನಾಟದ ಬಗ್ಗೆ ಮೊದಲ ಬಾರಿಗೆ ಒಂದು ನಿರ್ಣಯ ಅಂಗೀಕರಿಸಿತ್ತು. ಬ್ರಿಟನ್ 2018ರಲ್ಲೇ ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿತ್ತು. 2021ರಲ್ಲಿ ಜಪಾನ್ ಕೂಡ ಅದೇ ದಾರಿ ಹಿಡಿಯಿತು.

ಇಂಥ ಸುದ್ದಿಗಳ ಬೆನ್ನಿಗೇ ಒಂದು ಮಾತು ಬರುತ್ತದೆ: 'ಸಾಮಾಜಿಕ ಬಂಡವಾಳ ಕರಗುತ್ತಿದೆ'. ಓದುಗರಿಗೆ ಗೊಂದಲವಾಗುವುದೇ ಇಲ್ಲಿ. ಒಂಟಿತನ ಆರೋಗ್ಯದ ವಿಷಯ, ಅದು ಅರ್ಥವಾಗುತ್ತದೆ. ಸ್ನೇಹ, ನೆರೆಹೊರೆ, ಗುರುತು ಪರಿಚಯ ಇವೆಲ್ಲ ಬದುಕಿನ ಭಾಗ, ಅದೂ ಸರಿ. ಆದರೆ ಇವು ಬಂಡವಾಳ ಆಗುವುದು ಹೇಗೆ? ಬಂಡವಾಳ ಅಂದಮೇಲೆ ಅದಕ್ಕೆ ಒಡೆಯ ಇರಬೇಕು, ಲೆಕ್ಕ ಇರಬೇಕು, ಅಲ್ವಾ? ಕರಗಿದ್ದರೆ ಸರ್ಕಾರ ಮತ್ತೆ ತುಂಬಬಹುದೇ?

ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಸಾಮಾಜಿಕ ಬಂಡವಾಳ ಉಳಿದ ಬಂಡವಾಳಗಳಿಗಿಂತ ಎಲ್ಲಿ ಬೇರೆಯಾಗುತ್ತದೆ ಎಂದು ನೋಡಬೇಕು. ಆ ವ್ಯತ್ಯಾಸ ಬಿಟ್ಟು ಮಾಡಿದ ಯೋಜನೆ ತಪ್ಪು ಜಾಗಕ್ಕೆ ದುಡ್ಡು ಸುರಿಯುತ್ತದೆ.

ದುಡ್ಡು, ಯಂತ್ರ, ಕಲಿಕೆ

ಬಂಡವಾಳ ಎಂದ ಕೂಡಲೇ ನೆನಪಾಗುವುದು ದುಡ್ಡು ಮತ್ತು ಯಂತ್ರ. ಇವತ್ತು ಖರ್ಚು ಮಾಡದೆ ಉಳಿಸಿದ್ದನ್ನು ಒಂದು ಕಡೆ ಹೂಡಿದರೆ ನಾಳೆ ಅದರಿಂದ ಇನ್ನಷ್ಟು ಬರುತ್ತದೆ. ಬಹುಕಾಲ ಅರ್ಥಶಾಸ್ತ್ರದಲ್ಲಿ ಈ ಮಾತಿಗೆ ಹೆಚ್ಚುಕಡಿಮೆ ಇಷ್ಟೇ ಅರ್ಥ ಇತ್ತು.

1960ರ ದಶಕದಲ್ಲಿ ಥಿಯೋಡರ್ ಶುಲ್ಟ್ಸ್ ಮತ್ತು ಗ್ಯಾರಿ ಬೆಕರ್ ಅವರಂಥ ಅರ್ಥಶಾಸ್ತ್ರಜ್ಞರು ಕಲಿಕೆ, ಕೌಶಲ, ಆರೋಗ್ಯ ಕೂಡ ಬಂಡವಾಳವೇ ಎಂದು ವಾದಿಸಿದರು. ಓದಲು ವರ್ಷಗಟ್ಟಲೆ ಸಮಯ, ಹಣ ಹಾಕುತ್ತೇವೆ. ಆಮೇಲೆ ದುಡಿಮೆಯಲ್ಲಿ ಅದರ ಫಲ ಬರುತ್ತದೆ. ಇದಕ್ಕೆ ಮಾನವ ಬಂಡವಾಳ ಎಂಬ ಹೆಸರು ಬಂತು. ಮನುಷ್ಯರನ್ನು ಯಂತ್ರದ ಸಾಲಿಗೆ ಸೇರಿಸುತ್ತಿದ್ದಾರೆ ಎಂದು ಆಗ ಎಷ್ಟೋ ಜನ ಸಿಟ್ಟಾದರು. ಇವತ್ತು ಎಲ್ಲ ದೇಶಗಳ ಬಜೆಟ್ ಚರ್ಚೆಯಲ್ಲೂ ಆ ಮಾತು ಸಲೀಸಾಗಿ ಓಡಾಡುತ್ತಿದೆ.

ಇವೆರಡರ ನಡುವೆ ಒಂದು ಮುಖ್ಯ ಹೋಲಿಕೆ ಇದೆ. ದುಡ್ಡು ನಿಮ್ಮ ಖಾತೆಯಲ್ಲಿದೆ, ಕೌಶಲ ನಿಮ್ಮ ತಲೆಯಲ್ಲಿ, ಕೈಯಲ್ಲಿದೆ. ಎರಡಕ್ಕೂ ಒಬ್ಬ ಒಡೆಯ ಇದ್ದಾನೆ. ನೀವು ಇನ್ನೊಂದು ದೇಶಕ್ಕೆ ಹೋದರೆ ಎರಡೂ ನಿಮ್ಮ ಜೊತೆಗೆ ಬರುತ್ತವೆ.

ರಸೀದಿ ಇಲ್ಲದ ವಜ್ರದ ಚೀಲ

ಮೂರನೆಯದು ಹಾಗಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ 1988ರ ಒಂದು ಲೇಖನದಲ್ಲಿ ನ್ಯೂಯಾರ್ಕಿನ ಸಗಟು ವಜ್ರ ಮಾರುಕಟ್ಟೆಯನ್ನು ವಿವರಿಸಿದ್ದರು.

ವ್ಯಾಪಾರ ಕುದುರುವ ಮೊದಲು ಒಬ್ಬ ವ್ಯಾಪಾರಿ ತನ್ನ ಹರಳುಗಳ ಚೀಲವನ್ನೇ ಇನ್ನೊಬ್ಬನ ಕೈಗೆ ಕೊಡುತ್ತಾನೆ. ಅವನು ಅದನ್ನು ತೆಗೆದುಕೊಂಡು ಹೋಗಿ, ಬಿಡುವಾದಾಗ ಒಬ್ಬನೇ ಕೂತು ಪರೀಕ್ಷೆ ಮಾಡುತ್ತಾನೆ. ಕಾಗದ ಇಲ್ಲ, ಸಹಿ ಇಲ್ಲ, ವಿಮೆ ಇಲ್ಲ. ಸಾವಿರಾರು ಡಾಲರ್ ಬೆಲೆಯ ಒಂದು ಹರಳು ತೆಗೆದು ಅದೇ ಅಳತೆಯ ಕಳಪೆ ಹರಳು ಇಟ್ಟರೆ ಕೇಳುವವರಿಲ್ಲ. ಆದರೂ ಹಾಗೆ ಮಾಡುವುದಿಲ್ಲ.

ಯಾಕೆ? ಆ ವ್ಯಾಪಾರಿಗಳು ಬಹುಪಾಲು ಒಂದೇ ಸಮುದಾಯದ ಯಹೂದಿಗಳು. ಒಂದೇ ಬಡಾವಣೆಯಲ್ಲಿ ಮನೆ, ಒಂದೇ ಕಡೆ ಪ್ರಾರ್ಥನೆ, ಒಳಗೊಳಗೇ ಮದುವೆ ಸಂಬಂಧ. ಒಂದು ಹರಳು ಕದ್ದರೆ ಮರುದಿನದಿಂದ ವ್ಯಾಪಾರ ನಿಂತಿತು. ಅಷ್ಟಕ್ಕೇ ಮುಗಿಯುವುದಿಲ್ಲ, ಪ್ರಾರ್ಥನೆಯ ಜಾಗದಲ್ಲಿ, ನೆಂಟರ ಮನೆಯಲ್ಲಿ ಕೂಡ ಮುಖ ತೋರಿಸುವ ಹಾಗಿರುವುದಿಲ್ಲ. ಮೋಸದ ಲಾಭಕ್ಕಿಂತ ನಷ್ಟ ಎಷ್ಟೋ ದೊಡ್ಡದು.

ಈ ನಂಟು ಇಲ್ಲದ ಮಾರುಕಟ್ಟೆಯನ್ನು ಊಹಿಸಿಕೊಳ್ಳಿ. ಪ್ರತಿ ಚೀಲಕ್ಕೂ ವಿಮೆ, ಪ್ರತಿ ಪರೀಕ್ಷೆಗೂ ಸಾಕ್ಷಿ, ಜಗಳಕ್ಕೆ ವಕೀಲರು ಬೇಕು. ಅಷ್ಟೆಲ್ಲ ಖರ್ಚು, ಅಷ್ಟೆಲ್ಲ ಹೊತ್ತು ಇಲ್ಲಿ ಉಳಿಯುತ್ತಿದೆ. ಆ ಉಳಿತಾಯ ನಿಜವಾದ ದುಡ್ಡು. ಅದನ್ನು ತಂದುಕೊಡುತ್ತಿರುವುದು ನಂಬಿಕೆ, ಎಲ್ಲರಿಗೂ ಗೊತ್ತಿರುವ ಬರೆಯದ ನಿಯಮ, ಒಬ್ಬರನ್ನೊಬ್ಬರು ಬಲ್ಲ ಜನರ ಬಲೆ. ಸಾಮಾಜಿಕ ಬಂಡವಾಳ ಎನ್ನುವುದು ಇದಕ್ಕೇ.

ಇದು ಎಲ್ಲಿದೆ ಎಂದು ಕೇಳಿದರೆ ಚೀಲದಲ್ಲೂ ಇಲ್ಲ, ವ್ಯಾಪಾರಿಯ ಜಾಣತನದಲ್ಲೂ ಇಲ್ಲ. ಆ ಜನರ ನಡುವೆ ಇದೆ. ಅವರಲ್ಲೊಬ್ಬ ಬೇರೆ ಊರಿಗೆ ಹೋಗಿ ಅಂಗಡಿ ತೆರೆದರೆ ಅವನ ದುಡ್ಡು ಹೋಗುತ್ತದೆ, ಹರಳು ಗುರುತಿಸುವ ಕಣ್ಣು ಹೋಗುತ್ತದೆ. ರಸೀದಿ ಇಲ್ಲದೆ ಚೀಲ ಕೊಡುವ ಜನ ಮಾತ್ರ ಅಲ್ಲಿ ಸಿಗುವುದಿಲ್ಲ.

ಒಂದೇ ಹೆಸರು, ಮೂರು ವಾದ

ಈ ವಿಚಾರ ಬಳಸುವವರೆಲ್ಲ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಸುದ್ದಿ ಓದುವಾಗ ಆಗುವ ಗೊಂದಲಕ್ಕೆ ಅರ್ಧ ಕಾರಣ ಇದೇ.

ಹೆಸರು ಹಳೆಯದು. 1916ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಮೀಣ ಶಾಲೆಗಳ ಮೇಲ್ವಿಚಾರಕ ಎಲ್.ಜೆ. ಹ್ಯಾನಿಫನ್, ಊರಿನವರ ಸದ್ಭಾವ, ಒಡನಾಟ, ಸಹಾನುಭೂತಿಗೆ ಇದೇ ಹೆಸರು ಕೊಟ್ಟಿದ್ದರು. ಆಮೇಲೆ ಬಹುಕಾಲ ಅದನ್ನು ಹೆಚ್ಚಿನವರು ಮರೆತೇಬಿಟ್ಟರು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯು ಅದನ್ನು ಬೇರೆಯೇ ಕಣ್ಣಿಂದ ನೋಡಿದರು. ಅವರ ಪ್ರಕಾರ ಬಂಡವಾಳ ಮೂರು ಬಗೆ: ಆರ್ಥಿಕ, ಸಾಂಸ್ಕೃತಿಕ, ಸಾಮಾಜಿಕ. ಮಾತಿನ ಶೈಲಿ, ಅಭಿರುಚಿ, ಪದವಿ ಇವು ಸಾಂಸ್ಕೃತಿಕ. ಯಾರ ಪರಿಚಯ ಇದೆ, ಯಾವ ಗುಂಪಿನ ಸದಸ್ಯ ಎಂಬುದು ಸಾಮಾಜಿಕ. ಒಂದನ್ನು ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು, ಆದರೆ ಅದಕ್ಕೆ ಸಮಯ ಮತ್ತು ಶ್ರಮ ಬೇಕು. ಉಳ್ಳವರ ಮಕ್ಕಳು ಉಳ್ಳವರಾಗೇ ಉಳಿಯುವುದು ಬರೀ ಆಸ್ತಿಯಿಂದಲ್ಲ, ಈ ಮೂರೂ ಸೇರಿ ಕೆಲಸ ಮಾಡುವುದರಿಂದ ಎಂಬುದು ಅವರ ವಾದ. ಅಂದರೆ ಬೋರ್ದ್ಯು ಅವರಿಗೆ ಇದು ಅಸಮಾನತೆಯ ಯಂತ್ರದ ಒಂದು ಭಾಗ.

ಕೋಲ್ಮನ್ ಅವರಿಗೆ ಇದು ಕೆಲಸ ಆಗುವಂತೆ ಮಾಡುವ ಸಾಧನ. ಪೋಷಕರು ಒಬ್ಬರನ್ನೊಬ್ಬರು ಬಲ್ಲರು ಎಂದಾದರೆ ಮಕ್ಕಳ ಮೇಲೆ ಎಲ್ಲರ ಕಣ್ಣೂ ಇರುತ್ತದೆ, ಮಕ್ಕಳು ಶಾಲೆ ಬಿಡುವುದು ಕಡಿಮೆಯಾಗುತ್ತದೆ ಎಂದು ಅವರು ಹೇಳಿದರು.

ಮೂರನೆಯವರು ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್. ಇವತ್ತು ಸುದ್ದಿಗಳಲ್ಲಿ ಕಾಣುವ ಅರ್ಥ ಬಹುಮಟ್ಟಿಗೆ ಇವರದ್ದು. ಇಟಲಿಯಲ್ಲಿ 1970ರಲ್ಲಿ ಹೊಸದಾಗಿ ಪ್ರಾಂತೀಯ ಸರ್ಕಾರಗಳು ಬಂದವು. ರಚನೆ ಎಲ್ಲ ಕಡೆ ಒಂದೇ ಥರ. ಆದರೆ ಉತ್ತರದವು ಚೆನ್ನಾಗಿ ನಡೆದವು, ದಕ್ಷಿಣದವು ಕುಂಟಿದವು. ಸಂಘ ಸಂಸ್ಥೆಗಳಲ್ಲಿ ಜನ ಬೆರೆಯುವ ರೂಢಿ ಇದ್ದ ಕಡೆ ಆಡಳಿತವೂ ಚೆನ್ನಾಗಿದೆ ಎಂದು ಅವರು ತೋರಿಸಿದರು. ಆಮೇಲೆ ಅಮೆರಿಕದ ಕಡೆ ತಿರುಗಿದರು. 1980ರಿಂದ 1993ರ ನಡುವೆ ಅಲ್ಲಿ ಬೌಲಿಂಗ್ (ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ) ಆಡುವವರು ಶೇ. 10ರಷ್ಟು ಹೆಚ್ಚಿದ್ದರು, ತಂಡ ಕಟ್ಟಿಕೊಂಡು ಲೀಗ್‌ಗಳಲ್ಲಿ ಆಡುವುದು ಶೇ. 40ರಷ್ಟು ಇಳಿದಿತ್ತು. ಆಟ ಹಾಗೇ ಇದೆ, ಜೊತೆಗೂಡುವುದು ನಿಂತಿದೆ ಎಂಬ ಅವರ ಎಚ್ಚರಿಕೆ ದೇಶವ್ಯಾಪಿ ಚರ್ಚೆಯಾಯಿತು.

ಹೀಗಾಗಿ ಒಬ್ಬರು 'ಸಾಮಾಜಿಕ ಬಂಡವಾಳ' ಎಂದರೆ ವಶೀಲಿ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ನಾಗರಿಕ ಒಗ್ಗಟ್ಟು ಎಂದುಕೊಳ್ಳುತ್ತಾರೆ. ಇಬ್ಬರೂ ಪೂರ್ತಿ ತಪ್ಪಲ್ಲ. ಒಂದೇ ನಂಟು ಒಳಗಿನವರಿಗೆ ಆಸರೆಯಾಗಿ, ಹೊರಗಿನವರಿಗೆ ಗೋಡೆಯಾಗಿ ಕಾಣಬಹುದು.

ಬೇರೆಯಾಗುವುದು ಎಲ್ಲಿ

ಮೊದಲನೆಯದು ಒಡೆತನ. ಒಂದು ಬೀದಿಯಲ್ಲಿ ಎಲ್ಲರೂ ಪರಸ್ಪರರ ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದುಕೊಳ್ಳಿ. ಹೊಸದಾಗಿ ಬಂದು ಸೇರಿದ ಮನೆಯವರಿಗೂ ಅದರ ಲಾಭ ಸಿಗುತ್ತದೆ, ಅವರು ಅದಕ್ಕೆ ಏನನ್ನೂ ಹಾಕಿಲ್ಲದಿದ್ದರೂ. ಕೋಲ್ಮನ್ ಇಂಥದ್ದೇ ಒಂದು ಉದಾಹರಣೆ ಕೊಡುತ್ತಾರೆ. ಆರು ಮಕ್ಕಳ ತಾಯಿಯೊಬ್ಬಳು ಅಮೆರಿಕದ ಡೆಟ್ರಾಯಿಟ್ ಹೊರವಲಯದಿಂದ ಜೆರುಸಲೇಮ್‌ಗೆ ಸಂಸಾರ ಸಮೇತ ಹೋದಳು. ಅಲ್ಲಿ ಎಂಟು ವರ್ಷದ ಮಗು ಆರು ವರ್ಷದ ತಮ್ಮನನ್ನೋ ತಂಗಿಯನ್ನೋ ಬಸ್ಸಿನಲ್ಲಿ ಶಾಲೆಗೆ ಕರೆದುಕೊಂಡು ಹೋಗಬಹುದಿತ್ತು. ಮಕ್ಕಳು ಒಂಟಿಯಾಗಿ ಕಂಡರೆ ದೊಡ್ಡವರು ಗಮನಿಸುತ್ತಾರೆ ಎಂಬ ರೂಢಿ ಆ ಊರಲ್ಲಿ ಮೊದಲೇ ಇತ್ತು. ಅವಳು ಅದನ್ನು ಕಟ್ಟಿದವಳಲ್ಲ, ಬಳಸಿದವಳು.

ಇದರ ಇನ್ನೊಂದು ಮುಖ ಸ್ವಲ್ಪ ಕಷ್ಟದ್ದು. ಶಾಲೆಯ ಪೋಷಕರ ಸಂಘವನ್ನು ಹೊತ್ತು ನಡೆಸುತ್ತಿದ್ದ ತಾಯಿಯೊಬ್ಬಳು ಕೆಲಸಕ್ಕೆ ಸೇರಿ ಸಂಘ ಬಿಡುತ್ತಾಳೆ. ಅವಳ ಲೆಕ್ಕದಲ್ಲಿ ಅದು ಸರಿಯಾದ ನಿರ್ಧಾರ. ಸಂಬಳ ಅವಳಿಗೆ ಬರುತ್ತದೆ. ಆದರೆ ಸಂಘ ಸೊರಗಿದ್ದರ ನಷ್ಟ ಶಾಲೆಯ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ. ಹೂಡಿದವರಿಗೆ ಪೂರ್ತಿ ಲಾಭ ಬರುವುದಿಲ್ಲ, ಬಿಟ್ಟವರಿಗೆ ಪೂರ್ತಿ ನಷ್ಟ ತಟ್ಟುವುದಿಲ್ಲ. ಹಾಗಾಗಿ ಯಾರೂ ಕೆಟ್ಟವರಾಗದೆಯೂ, ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗೇ ನಡೆದರೂ, ಊರಿನ ಒಡನಾಟ ಸವೆಯುತ್ತಾ ಹೋಗಬಹುದು. ಒಂಟಿತನದ ವರದಿಗಳನ್ನು ಓದಿ 'ಈಗಿನವರು ಸ್ವಾರ್ಥಿಗಳು' ಎಂದು ಬೈಯುವವರು ಈ ಭಾಗವನ್ನು ಮರೆಯುತ್ತಾರೆ. ಈ ಕೆಲಸವನ್ನು ಬಹುಕಾಲ ಸಂಬಳವಿಲ್ಲದೆ ಹೆಂಗಸರ ಹೆಗಲಿಗೆ ಹಾಕಲಾಗಿತ್ತು ಎಂಬುದನ್ನೂ ಮರೆಯುತ್ತಾರೆ.

ಎರಡನೆಯದು ಬಳಕೆ. ಯಂತ್ರ ಓಡಿಸಿದಷ್ಟೂ ಸವೆಯುತ್ತದೆ, ಹಣ ಖರ್ಚಾದರೆ ಮುಗಿಯಿತು. ನಂಬಿಕೆ ಹಾಗಲ್ಲ. ಇಬ್ಬರು ಒಬ್ಬರಿಗೊಬ್ಬರು ಕಷ್ಟಕ್ಕಾದಷ್ಟೂ ನಂಟು ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಮಾತೇ ಇಲ್ಲದಿದ್ದರೆ ತಾನಾಗೇ ತೆಳುವಾಗುತ್ತದೆ. ನೀರು, ಕಾಡು, ಮೀನುಗಾರಿಕೆಯಂಥ ಹಂಚಿಕೊಂಡ ಸಂಪತ್ತನ್ನು ಜನ ತಾವೇ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಇದನ್ನು ಒತ್ತಿ ಹೇಳಿದ್ದರು. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕೂಡಿಟ್ಟು ಬೀಗ ಹಾಕಿದರೆ ಉಳಿಯುವ ಬಂಡವಾಳ ಇದಲ್ಲ. ಮುರಿಯುವ ವೇಗ ಮಾತ್ರ ಕಟ್ಟುವ ವೇಗಕ್ಕಿಂತ ಎಷ್ಟೋ ಜಾಸ್ತಿ. ಇಪ್ಪತ್ತು ವರ್ಷದ ನಂಬಿಕೆ ಒಂದು ಮೋಸಕ್ಕೆ ಹೋಗಿಬಿಡುತ್ತದೆ, ಒಂದು ದಿನದ ನಂಬಿಕೆಯಿಂದ ಇಪ್ಪತ್ತು ವರ್ಷದ ಮೋಸ ಅಳಿಸುವುದಿಲ್ಲ.

ಮೂರನೆಯದು ಮಾರಾಟ. ಯಂತ್ರ ಮಾರಬಹುದು. ಕೌಶಲವನ್ನು ಮಾರಲಾಗದಿದ್ದರೂ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದು. ಸ್ನೇಹಕ್ಕೆ ಬೆಲೆ ಕಟ್ಟಿದ ಗಳಿಗೆಯಲ್ಲೇ ಅದು ಬೇರೆ ಏನೋ ಆಗಿಬಿಡುತ್ತದೆ. ಲಾಭಕ್ಕೇ ಹತ್ತಿರ ಬಂದಿದ್ದಾನೆ ಎಂದು ಗೊತ್ತಾದವನನ್ನು ಜನ ದೂರ ಇಡುತ್ತಾರೆ. ಹಾಗಾಗಿ ಈ ಬಂಡವಾಳದ ಬಹುಪಾಲು ಬೇರೆ ಯಾವುದೋ ಕೆಲಸದ ಜೊತೆಗೆ ಬೆಳೆಯುತ್ತದೆ. ಹಾಡಲು ಸೇರಿದವರು, ಆಡಲು ಸೇರಿದವರು, ಮಕ್ಕಳನ್ನು ಶಾಲೆಗೆ ಬಿಡಲು ಬಂದವರು ಪರಿಚಿತರಾಗುತ್ತಾರೆ. ಸಾಮಾಜಿಕ ಬಂಡವಾಳ ಕಟ್ಟೋಣ ಎಂದು ಯಾರೂ ಮನೆಯಿಂದ ಹೊರಡುವುದಿಲ್ಲ.

ಇದು ಬಂಡವಾಳವೇ ಅಲ್ಲ ಎನ್ನುವವರು

ಇಷ್ಟೆಲ್ಲ ವ್ಯತ್ಯಾಸ ಇದ್ದಮೇಲೆ ಬಂಡವಾಳ ಎಂದು ಕರೆಯುವುದೇ ತಪ್ಪಲ್ವಾ ಎಂದು ಕೇಳಿದ ದೊಡ್ಡ ಅರ್ಥಶಾಸ್ತ್ರಜ್ಞರಿದ್ದಾರೆ. ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೊಲೊ ಇಬ್ಬರೂ ನೊಬೆಲ್ ಪಡೆದವರು. 2000ದಲ್ಲಿ ವಿಶ್ವ ಬ್ಯಾಂಕ್ ಪ್ರಕಟಿಸಿದ ಒಂದು ಸಂಕಲನದಲ್ಲಿ ಇಬ್ಬರೂ ತಕರಾರು ಎತ್ತಿದರು.

ಆ್ಯರೋ ಅವರ ವಾದ ಹೀಗೆ: ಬಂಡವಾಳಕ್ಕೆ ಮೂರು ಗುಣ ಇರಬೇಕು. ಅದು ಬಹುಕಾಲ ಬಾಳಬೇಕು. ನಾಳೆಯ ಲಾಭಕ್ಕಾಗಿ ಇವತ್ತು ಬೇಕೆಂದೇ ಏನಾದರೂ ಬಿಟ್ಟುಕೊಡಬೇಕು. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಬರಬೇಕು. ನಂಟಿಗೆ ಮೊದಲನೆಯ ಗುಣ ಇದೆ. ಎರಡನೆಯದು ಹೆಚ್ಚಿನ ಸಲ ಇಲ್ಲ, ಏಕೆಂದರೆ ಜನ ಸೇರುವುದು ಸೇರುವ ಸಂತೋಷಕ್ಕೆ. ಮೂರನೆಯದಂತೂ ಕಷ್ಟ. ಸೊಲೊ ಇನ್ನೂ ನೇರವಾಗಿ ಕೇಳಿದರು: ಇದರ ದಾಸ್ತಾನು ಎಷ್ಟು, ಲಾಭದ ದರ ಎಷ್ಟು ಎಂದು ಅಳೆಯುವುದು ಹೇಗೆ?

ಅಳತೆಯ ಕಷ್ಟ ನಿಜ. ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಹೆಚ್ಚಿನ ಜನರನ್ನು ನಂಬಬಹುದೇ, ಇಲ್ಲ ಹುಷಾರಾಗಿರಬೇಕೇ? ನಾರ್ವೆ, ಸ್ವೀಡನ್‌ನಂಥ ದೇಶಗಳಲ್ಲಿ ಶೇ. 60ಕ್ಕಿಂತ ಜಾಸ್ತಿ ಜನ 'ನಂಬಬಹುದು' ಎನ್ನುತ್ತಾರೆ. ಬ್ರೆಜಿಲ್, ಕೊಲಂಬಿಯಾದಲ್ಲಿ ಶೇ. 10 ಕೂಡ ದಾಟುವುದಿಲ್ಲ. ಆದರೆ 'ಹೆಚ್ಚಿನ ಜನ' ಎಂದಾಗ ಯಾರು ಯಾರನ್ನು ನೆನೆಸಿಕೊಳ್ಳುತ್ತಾರೆ? ಬಾಯಿಮಾತಿಗೂ ನಡೆಗೂ ಇರುವ ದೂರ ಇನ್ನೊಂದು. ಸಂಶೋಧಕರು 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು 'ಕಳೆದುಹೋದ' ಪರ್ಸುಗಳನ್ನು ಬ್ಯಾಂಕು, ಹೋಟೆಲು, ಪೊಲೀಸ್ ಠಾಣೆಯಂಥ ಕಡೆ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ದುಡ್ಡಿಲ್ಲದ ಪರ್ಸಿನ ಬಗ್ಗೆ ಮಾಲೀಕರಿಗೆ ತಿಳಿಸಿದವರು ಸುಮಾರು ಶೇ. 40, ದುಡ್ಡಿದ್ದ ಪರ್ಸಿನ ಬಗ್ಗೆ ತಿಳಿಸಿದವರು ಶೇ. 51. ಜನ ತಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹರು ಎಂಬ ಈ ಫಲಿತಾಂಶ ಅರ್ಥಶಾಸ್ತ್ರಜ್ಞರೂ ಊಹಿಸದ್ದು.

ತಕರಾರು ಎತ್ತಿದವರ ಮಾತಿನಲ್ಲಿ ತೂಕ ಇದೆ. ಹಾಗಂತ ಇಡೀ ವಿಚಾರವನ್ನೇ ಬಿಡಬೇಕಿಲ್ಲ. ನಂಟು ಇಲ್ಲದ ಕಡೆ ಖರ್ಚು ಏರುತ್ತದೆ, ಇರುವ ಕಡೆ ಇಳಿಯುತ್ತದೆ ಎಂಬುದು ಕಣ್ಣಿಗೆ ಕಾಣುವ ಸತ್ಯ. ಬಂಡವಾಳ ಎಂದು ಕರೆದರೆ ಅದಕ್ಕೂ ಬೆಲೆ ಇದೆ ಎಂದು ನೆನಪಾಗುತ್ತದೆ, ಅಷ್ಟರ ಮಟ್ಟಿಗೆ ಉಪಯೋಗ. ದುಡ್ಡಿನ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಿಯಬಹುದು ಎಂದುಕೊಂಡರೆ ಎಡವಟ್ಟು.

ಹತ್ತಿರದವರು, ದೂರದವರು

ಎಷ್ಟು ನಂಟು ಇದೆ ಎಂಬ ಪ್ರಶ್ನೆಗಿಂತ ಯಾರ ಜೊತೆ ಇದೆ ಎಂಬುದು ದೊಡ್ಡದು. 1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಒಂದು ವಿಚಿತ್ರ ಸಂಗತಿ ತೋರಿಸಿದರು. ಪರಿಚಿತರ ಮೂಲಕ ಕೆಲಸ ಹಿಡಿದವರನ್ನು 'ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ' ಎಂದು ಕೇಳಿದ್ದರು. ಆಗಾಗ ಎಂದವರು ಶೇ. 16.7 ಮಾತ್ರ. ಅಪರೂಪಕ್ಕೊಮ್ಮೆ ಎಂದವರು ಶೇ. 55.6, ತೀರಾ ಅಪರೂಪ ಎಂದವರು ಶೇ. 27.8.

ಕಾರಣ ಸರಳ. ಆಪ್ತ ಗೆಳೆಯರು ನಮ್ಮ ಸುತ್ತಲೇ ಇರುತ್ತಾರೆ. ಅವರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ವಲಯದಲ್ಲಿ ಓಡಾಡುವವರು, ಹಾಗಾಗಿ ಹೊಸ ಸುದ್ದಿ ಅವರಿಂದ ಬರುತ್ತದೆ. 2022ರಲ್ಲಿ ಉದ್ಯೋಗದ ನಂಟುಗಳ ಜಾಲತಾಣ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲಿನ ಪ್ರಯೋಗಗಳ ಫಲಿತಾಂಶ ಪ್ರಕಟವಾಯಿತು. ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ನಡುವಿನ ನಂಟುಗಳೇ ಕೆಲಸ ಬದಲಿಸಲು ಹೆಚ್ಚು ನೆರವಾಗಿದ್ದವು.

ಇದರಿಂದಲೇ ಸಂಶೋಧಕರು ಎರಡು ಬಗೆ ಮಾಡುತ್ತಾರೆ. ಒಂದೇ ಥರದವರನ್ನು ಬಿಗಿಯುವ ನಂಟು, ಬೇರೆ ಬೇರೆಯವರ ನಡುವೆ ದಾರಿ ಮಾಡುವ ನಂಟು. ಕಾಯಿಲೆ ಬಿದ್ದಾಗ, ಸಾವು ನೋವಿನಲ್ಲಿ ಮೊದಲನೆಯದು ಬೇಕು. ಮೇಲೆ ಬರಲು ಎರಡನೆಯದು ಬೇಕು. ಬಡವರಿಗೆ ಬಂಧು ಬಳಗ ಇಲ್ಲ ಅಂತಲ್ಲ, ಎಷ್ಟೋ ಸಲ ಉಳ್ಳವರಿಗಿಂತ ಗಟ್ಟಿಯಾಗೇ ಇರುತ್ತದೆ. ಆದರೆ ಆ ಬಳಗದಲ್ಲಿ ಯಾರ ಹತ್ತಿರವೂ ಕೆಲಸ ಕೊಡಿಸುವ ಶಕ್ತಿ ಇರುವುದಿಲ್ಲ.

ಈ ಮಾತಿಗೆ ಅತಿ ದೊಡ್ಡ ಪುರಾವೆ ಸಿಕ್ಕಿದ್ದು 2022ರಲ್ಲಿ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಏಳು ಕೋಟಿಗೂ ಹೆಚ್ಚು ಜನರ 2,100 ಕೋಟಿ ಫೇಸ್‌ಬುಕ್ ಸ್ನೇಹಗಳನ್ನು ನೋಡಿದರು. ಮೂರು ಬಗೆಯ ಸಾಮಾಜಿಕ ಬಂಡವಾಳ ಅಳೆದರು: ಬಡವರು ಮತ್ತು ಸ್ಥಿತಿವಂತರ ನಡುವಿನ ಸ್ನೇಹ, ಗೆಳೆಯರ ಗುಂಪುಗಳ ಬಿಗಿತನ, ಸಂಘಗಳಲ್ಲಿ ಭಾಗವಹಿಸುವಿಕೆ. ಬಡ ಮಕ್ಕಳು ದೊಡ್ಡವರಾದಮೇಲೆ ಎಷ್ಟು ಮೇಲೆ ಬರುತ್ತಾರೆ ಎಂಬುದರ ಜೊತೆ ಬಲವಾಗಿ ತಾಳೆಯಾದದ್ದು ಮೊದಲನೆಯದು ಮಾತ್ರ. ಸ್ಥಿತಿವಂತರ ಮಕ್ಕಳಿಗೆ ಇರುವಂಥ ಗೆಳೆತನದ ವಾತಾವರಣ ಬಡ ಮಕ್ಕಳಿಗೂ ಸಿಕ್ಕಿದರೆ ಅವರ ಮುಂದಿನ ಆದಾಯ ಸರಾಸರಿ ಶೇ. 20ರಷ್ಟು ಹೆಚ್ಚಬಹುದು ಎಂದು ಅಂದಾಜು ಮಾಡಿದರು. ಇದು ಒಂದೇ ದೇಶದ ಲೆಕ್ಕ, ಅದರಲ್ಲೂ ತಾಳೆಯ ಲೆಕ್ಕ, ಒಂದು ಇನ್ನೊಂದಕ್ಕೆ ಕಾರಣ ಎಂಬುದಕ್ಕೆ ಪುರಾವೆ ಅಲ್ಲ. ಆದರೂ ಸಂಘಗಳ ಸಂಖ್ಯೆ ಹೆಚ್ಚಿಸಿದರೆ ಸಾಕು ಎನ್ನುವವರು ಇದನ್ನು ಗಮನಿಸಲೇಬೇಕು.

ಮುಖ ನೋಡಿ ಮಣೆ ಹಾಕಿದಾಗ

ದುಡ್ಡು ಒಳ್ಳೆಯದಕ್ಕೂ ಆಗುತ್ತದೆ, ಕೆಟ್ಟದ್ದಕ್ಕೂ ಆಗುತ್ತದೆ. ನಂಟು ಮಾತ್ರ ಯಾವಾಗಲೂ ಒಳ್ಳೆಯದು ಎಂಬ ಭಾವನೆ ಹೇಗೋ ಬೇರೂರಿದೆ. ಅದು ಸರಿಯಲ್ಲ. ವಜ್ರದ ವ್ಯಾಪಾರಿಗಳ ಬಲೆ ಒಳಗಿನವರ ಖರ್ಚು ಇಳಿಸುತ್ತದೆ, ಹೊರಗಿನವನಿಗೆ ಆ ವ್ಯಾಪಾರಕ್ಕೆ ಬಾಗಿಲೇ ತೆರೆಯದಂತೆಯೂ ಮಾಡುತ್ತದೆ. ಎರಡೂ ಒಂದೇ ಕಾರಣದಿಂದ. ಒಳಗಿನವರಿಗೂ ಅದು ಪುಕ್ಕಟೆ ಅಲ್ಲ. ಸ್ವಲ್ಪ ಮುಂದೆ ಬಂದವನ ಮೇಲೆ ಎಲ್ಲರ ಹಕ್ಕು ಬೀಳುತ್ತದೆ, ಬೇರೆ ದಾರಿ ಹಿಡಿಯಬಯಸಿದವಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ.

ಇದರ ಅತಿ ಕೆಟ್ಟ ರೂಪ ಜರ್ಮನಿಯಲ್ಲಿ ಕಂಡಿತು. ಎರಡು ಮಹಾಯುದ್ಧಗಳ ನಡುವಿನ ಕಾಲದ ಅಲ್ಲಿನ ಪಟ್ಟಣಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹಾಡುವ ಸಂಘ, ವ್ಯಾಯಾಮ ಸಂಘ, ಇಂಥವು ಹೆಚ್ಚಿದ್ದ ಪಟ್ಟಣಗಳಲ್ಲಿ ನಾಜಿ ಪಕ್ಷಕ್ಕೆ ಜನ ಬೇಗ ಸೇರಿದ್ದರು. ಪರಿಚಯದ ಬಲೆ ದಟ್ಟವಾಗಿದ್ದಷ್ಟೂ ಪಕ್ಷದ ಮಾತು ಸುಲಭವಾಗಿ ಹರಡಿತ್ತು. ಸರ್ಕಾರ ಸ್ಥಿರವಾಗಿದ್ದ, ಜರ್ಮನಿಯದ್ದೇ ಒಂದು ರಾಜ್ಯವಾಗಿದ್ದ ಪ್ರಶ್ಯಾದಲ್ಲಿ ಈ ಪರಿಣಾಮ ಕಡಿಮೆಯಿತ್ತು ಎಂಬುದೂ ಅದೇ ಅಧ್ಯಯನದಲ್ಲಿದೆ. ಸಂಘಗಳು ಯಾವ ಕಡೆ ವಾಲುತ್ತವೆ ಎಂಬುದನ್ನು ಅವುಗಳ ಹೊರಗಿನ ಆಡಳಿತ, ಕಾನೂನು ಕೂಡ ನಿರ್ಧರಿಸುತ್ತವೆ.

ಸರ್ಕಾರ ಏನು ಮಾಡಬಹುದು, ಏನು ಆಗದು

1995ರ ಜುಲೈನಲ್ಲಿ ಶಿಕಾಗೋದಲ್ಲಿ ಬಿಸಿಗಾಳಿಗೆ ಸುಮಾರು 739 ಜನ ಸತ್ತರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿದರು. ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್ ಎರಡರಲ್ಲೂ ಬಡತನ ಇತ್ತು, ಒಂಟಿಯಾಗಿ ಬದುಕುವ ವೃದ್ಧರೂ ಇದ್ದರು. ಆದರೆ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎರಡನೆಯದರ ಸುಮಾರು ಹತ್ತು ಪಟ್ಟು. ಅವರ ವಿವರಣೆಯ ತಿರುಳು ಬೀದಿಯಲ್ಲಿತ್ತು. ಸೌತ್ ಲಾನ್‌ಡೇಲ್‌ನಲ್ಲಿ ಅಂಗಡಿಗಳು ತೆರೆದಿದ್ದವು, ಕಾಲುದಾರಿಯಲ್ಲಿ ಜನ ಇದ್ದರು, ಮುದುಕರೂ ಹೊರಗೆ ಬಂದು ತಂಪು ಜಾಗ ಸೇರಿಕೊಂಡರು. ನಾರ್ತ್ ಲಾನ್‌ಡೇಲ್‌ನಲ್ಲಿ ಕಾರ್ಖಾನೆ, ಅಂಗಡಿ ಮುಚ್ಚಿ, ಜನ ಬಿಟ್ಟುಹೋಗಿ, ಖಾಲಿ ನಿವೇಶನಗಳ ನಡುವೆ ಉಳಿದವರು ಭಯದಿಂದ ಬಾಗಿಲು ಹಾಕಿಕೊಂಡಿದ್ದರು. ಈ ಹೋಲಿಕೆಯನ್ನು ಪ್ರಶ್ನಿಸಿದ ಸಂಶೋಧಕರೂ ಇದ್ದಾರೆ. ಆದರೆ ಕಾರಣದ ಸರಪಳಿ ಯೋಚಿಸಬೇಕಾದ್ದು: ಮೊದಲು ದುಡ್ಡು ಹೋಯಿತು, ಜೊತೆಗೆ ಜನ ಸೇರುವ ಜಾಗ ಹೋಯಿತು, ಆಮೇಲೆ ನಂಟು ಹೋಯಿತು.

ಆ ಸರಪಳಿ ಮರೆತಾಗ ಒಂದು ಅಪಾಯ ಇದೆ. ಸಮುದಾಯ ಗಟ್ಟಿಯಾಗಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಸರ್ಕಾರಗಳು ಗ್ರಂಥಾಲಯ, ಉದ್ಯಾನ, ಆರೋಗ್ಯ ಕೇಂದ್ರಗಳ ಖರ್ಚು ಕಡಿತ ಮಾಡಬಹುದು. ನೆರೆಯವರು ನೋಡಿಕೊಳ್ಳುತ್ತಾರೆ ಎನ್ನುವುದು ಅಗ್ಗದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅದೇ ವರದಿಯಲ್ಲಿ, ಕಡಿಮೆ ಆದಾಯದ ದೇಶಗಳಲ್ಲಿ ಶೇ. 24ರಷ್ಟು ಜನ ಒಂಟಿತನ ಹೇಳಿಕೊಂಡಿದ್ದಾರೆ, ಶ್ರೀಮಂತ ದೇಶಗಳಲ್ಲಿ ಶೇ. 11. ಬಡತನ ಇರುವ ಕಡೆ ಒಡನಾಟ ತಾನಾಗೇ ಜಾಸ್ತಿ ಇರುತ್ತದೆ ಎಂಬ ನಂಬಿಕೆಗೆ ಈ ಅಂಕಿ ಹೊಂದುವುದಿಲ್ಲ. ಸಾಮಾಜಿಕ ಬಂಡವಾಳ ಹಣದ ಬದಲಿಗೆ ಬರುವಂಥದ್ದಲ್ಲ.

ಇನ್ನೊಂದು ತುದಿಯ ತಪ್ಪು ನೇರವಾಗಿ ನಂಟನ್ನೇ ಉತ್ಪಾದಿಸಲು ಹೊರಡುವುದು. ಸ್ನೇಹ ದಿನ, ಸ್ನೇಹ ಆ್ಯಪ್, ಸದಸ್ಯರ ಗುರಿ ನಿಗದಿ ಮಾಡಿದ ಸಂಘಗಳು ಇಂಥವು. ದುಡ್ಡು ಬರುವವರೆಗೆ ಸಂಘ ಇರುತ್ತದೆ, ದುಡ್ಡು ನಿಂತ ದಿನ ಸುಮ್ನೆ ಮಾಯವಾಗುತ್ತದೆ. ನಂಟು ಬೇರೆ ಕೆಲಸದ ಜೊತೆಗೆ ಬೆಳೆಯುತ್ತದೆ ಎಂದಾದರೆ, ಸರ್ಕಾರ ಮಾಡಬಹುದಾದ್ದು ಆ ಬೇರೆ ಕೆಲಸಕ್ಕೆ ಜಾಗ ಮತ್ತು ಬಿಡುವು ಒದಗಿಸುವುದು. ಅದಕ್ಕಿಂತ ಮುಖ್ಯವಾಗಿ, ಇರುವುದನ್ನು ಮುರಿಯದಿರುವುದು. ಒಂದು ಬಡಾವಣೆಯನ್ನು ಎಬ್ಬಿಸಿ ಹತ್ತು ದಿಕ್ಕಿಗೆ ಚದುರಿಸಿದಾಗ ಪರಿಹಾರದ ಲೆಕ್ಕದಲ್ಲಿ ಗೋಡೆ, ಸೂರು ಮಾತ್ರ ಸೇರುತ್ತವೆ. ಯಾರ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು, ಯಾರು ಯಾರಿಗೆ ಕೈಸಾಲ ಕೊಡುತ್ತಿದ್ದರು ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಮನೆಗೆ ಬದಲು ಮನೆ ಸಿಕ್ಕಿದಮೇಲೂ ಜನ ಬಡವಾಗುವುದಕ್ಕೆ ಇದೂ ಒಂದು ಕಾರಣ.

ಜಾಗ ಕೊಟ್ಟರೂ ಸಾಲುವುದಿಲ್ಲ ಎಂಬುದನ್ನೂ ಚೆಟ್ಟಿ ತಂಡದ ಲೆಕ್ಕ ತೋರಿಸುತ್ತದೆ. ಬಡವರು, ಸ್ಥಿತಿವಂತರ ನಡುವೆ ಸ್ನೇಹ ಕಡಿಮೆ ಇರುವುದಕ್ಕೆ ಸುಮಾರು ಅರ್ಧ ಕಾರಣ ಅವರು ಭೇಟಿಯೇ ಆಗದಿರುವುದು. ಉಳಿದರ್ಧ, ಒಂದೇ ಕಡೆ ಇದ್ದರೂ ತಮ್ಮಂಥವರ ಜೊತೆಗೇ ಸೇರುವುದು. ದೊಡ್ಡ ಶಾಲೆಗಳಲ್ಲಿ, ಮಕ್ಕಳನ್ನು ಅಂಕದ ಮೇಲೆ ಬೇರೆ ಬೇರೆ ತರಗತಿಗೆ ಹಾಕುವ ಕಡೆ ಈ ಬೇರ್ಪಡುವಿಕೆ ಜಾಸ್ತಿ. ಸಣ್ಣ ಶಾಲೆಗಳಲ್ಲಿ, ಪ್ರಾರ್ಥನಾ ಸ್ಥಳಗಳಲ್ಲಿ ಕಡಿಮೆ. ಅಂದರೆ ಒಂದೇ ಗೇಟಿನಿಂದ ಎಲ್ಲ ಮಕ್ಕಳೂ ಒಳಗೆ ಬರುವಂತೆ ಮಾಡಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಒಳಗೆ ಬಂದಮೇಲೆ ಯಾರು ಯಾವ ತರಗತಿಗೆ ಹೋಗುತ್ತಾರೆ, ಊಟಕ್ಕೆ ಯಾರ ಪಕ್ಕ ಕೂರುತ್ತಾರೆ, ಯಾವ ತಂಡದಲ್ಲಿ ಆಡುತ್ತಾರೆ ಎಂಬುದರಲ್ಲಿ ಉಳಿದ ಅರ್ಧ ಇದೆ. ಅದನ್ನು ತೀರ್ಮಾನಿಸುವುದು ವೇಳಾಪಟ್ಟಿ ಬರೆಯುವ ಶಿಕ್ಷಕರು.